ಮೀನಿಗೆ ಮೀಟರ್ ಕಟ್ಟದೆ ವಿಕಿರಣದ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಒಂದು ಅಣುಸ್ಥಾವರದ ಪರಿಸರ ವರದಿ ಓದುತ್ತಿದ್ದೆ. ಸುತ್ತಲಿನ ಜನರಿಗೆ ವರ್ಷಕ್ಕೆ 0.02 ಮಿಲಿಸೀವರ್ಟ್ ಡೋಸ್, ಮೀನು, ಜಿಂಕೆ, ಎರೆಹುಳುಗಳಿಗೆ ಗಂಟೆಗೆ 10 ಮೈಕ್ರೋಗ್ರೇಗಿಂತ ಕಡಿಮೆ ಎಂದು ಬರೆದಿದ್ದಾರೆ. ಆ ಜನರಿಗಾಗಲಿ ಮೀನುಗಳಿಗಾಗಲಿ ಯಾರೂ ಮೀಟರ್ ಕಟ್ಟಿಲ್ಲ. ಎಲ್ಲವೂ ಕಂಪ್ಯೂಟರ್ ಮಾಡೆಲ್‌ನಿಂದ ಬಂದ ಲೆಕ್ಕವಂತೆ. ಇದನ್ನು ನಂಬಬಹುದೇ? ಮನುಷ್ಯರಿಗೆ ಒಂದು ಅಳತೆ, ಪ್ರಾಣಿಗಳಿಗೆ ಇನ್ನೊಂದು ಅಳತೆ ಯಾಕೆ? ಸುಮ್ನೆ ಅಳೆದುಬಿಟ್ಟರೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಇಷ್ಟು ಸಣ್ಣ ಡೋಸನ್ನು, ಅಂದರೆ ಮೈಗೆ ತಗಲುವ ವಿಕಿರಣದ ಪ್ರಮಾಣವನ್ನು, ನೇರವಾಗಿ ಅಳೆಯಲು ಬರುವುದಿಲ್ಲ. ಸೀವರ್ಟ್, ಗ್ರೇ ಎರಡೂ ಡೋಸಿನ ಅಳತೆಗಳು, ಅವುಗಳ ವ್ಯತ್ಯಾಸಕ್ಕೆ ಆಮೇಲೆ ಬರೋಣ. ವರ್ಷಕ್ಕೆ 0.02 ಮಿಲಿಸೀವರ್ಟ್ ಎಂದರೆ ಗಂಟೆಗೆ ಸುಮಾರು 0.002 ಮೈಕ್ರೋಸೀವರ್ಟ್. ಯಾವ ಸ್ಥಾವರವೂ ಇಲ್ಲದ ಬಯಲಿನಲ್ಲಿ ಮೀಟರ್ ಹಿಡಿದು ನಿಂತರೂ ಅದು ಸಾಮಾನ್ಯವಾಗಿ ಗಂಟೆಗೆ 0.05ರಿಂದ 0.15 ಮೈಕ್ರೋಸೀವರ್ಟ್ ತೋರಿಸುತ್ತದೆ. ನೆಲದಿಂದ, ಕಲ್ಲಿನಿಂದ, ಆಕಾಶದಿಂದ ಬರುವ ಸಹಜ ವಿಕಿರಣ ಅದು. ಒಂದು ಜೋರು ಮಳೆ ಬಿದ್ದರೆ ಸಾಕು, ಗಾಳಿಯಲ್ಲಿದ್ದ ರೇಡಾನ್ ಎಂಬ ವಿಕಿರಣಶೀಲ ಅನಿಲದಿಂದ ಹುಟ್ಟಿದ ಧಾತುಗಳು ನೆಲಕ್ಕಿಳಿದು ಮೀಟರಿನ ಅಂಕಿ ಕೆಲಹೊತ್ತು ಏರಿಬಿಡುತ್ತದೆ. ಆ ಏರಿಳಿತವೇ ನಿಮ್ಮ ವರದಿಯ ಅಂಕಿಗಿಂತ ಎಷ್ಟೋ ಪಟ್ಟು ದೊಡ್ಡದು.

ಇನ್ನೊಂದು ತೊಂದರೆಯೂ ಇದೆ. ಮೀನಿನ ಒಳಗಿರುವ ಪೊಲೋನಿಯಂ, ನೀರಿನಲ್ಲಿ ಬೆರೆತ ಟ್ರಿಟಿಯಂನಂಥ ವಿಕಿರಣಶೀಲ ವಸ್ತುಗಳು ಕೈಮೀಟರಿಗೆ ಕಾಣುವುದೇ ಇಲ್ಲ. ಮೊದಲನೆಯದರ ಆಲ್ಫಾ ಕಣ ಮೀನಿನ ಚರ್ಮ ದಾಟಿ ಹೊರಗೆ ಬರುವುದಿಲ್ಲ. ಎರಡನೆಯದರ ಬೀಟಾ ಕಣ ಗಾಳಿಯಲ್ಲೂ ಕೆಲವೇ ಮಿಲಿಮೀಟರ್ ಹೋಗಿ ನಿಲ್ಲುತ್ತದೆ.

ಹಾಗಾಗಿ ಇಲ್ಲಿ ಅಳೆಯುವುದು ಡೋಸನ್ನಲ್ಲ. ನೀರು, ಮಣ್ಣು, ಹಾಲು, ಮೀನು, ಹುಲ್ಲು ಇವುಗಳಲ್ಲಿ ಎಷ್ಟು ಬೆಕರೆಲ್ ಇದೆ ಎಂದು ಅಳೆಯುತ್ತಾರೆ. ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕರೆಲ್. ಅಲ್ಲಿಂದ ಡೋಸಿನವರೆಗೆ ಹೋಗುವುದು ಲೆಕ್ಕದ ಕೆಲಸ. ಇನ್ನೂ ಕಟ್ಟದ ಸ್ಥಾವರದ ಬಗ್ಗೆ ಹೇಳಬೇಕಾದರೆ ಅಳೆಯಲು ಬೆಕರೆಲ್ಲೂ ಇರುವುದಿಲ್ಲ, ಪೂರ್ತಿ ಲೆಕ್ಕವೇ.

ನಂಬಬಹುದೇ ಎಂಬುದಕ್ಕೆ ನನ್ನ ಉತ್ತರ ಅರ್ಧ ಹೌದು. ಲೆಕ್ಕದಲ್ಲಿ ಭೌತಶಾಸ್ತ್ರದ ಭಾಗವನ್ನು ಧೈರ್ಯವಾಗಿ ನಂಬಿ. ಮಣ್ಣು, ಆಹಾರ, ಜನರ ರೂಢಿ ಇವುಗಳ ಭಾಗವನ್ನು ಕೆದಕಿ ನೋಡಿ. ಇಂಥ ಮಾಡೆಲ್‌ಗಳು ಎಡವಿದ ಕಥೆಗಳಲ್ಲಿ ಹೆಚ್ಚಿನವು ಅಲ್ಲಿಯೇ ಸಿಗುತ್ತವೆ.

ಒಂದು ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡೋಣ. ಒಂದು ಸರೋವರದ ನೀರಿನಲ್ಲಿ ಲೀಟರಿಗೆ 0.01 ಬೆಕರೆಲ್ ಸೀಸಿಯಂ-137 ಎಂಬ, ರಿಯಾಕ್ಟರಿನಲ್ಲಿ ಹುಟ್ಟುವ ವಿಕಿರಣಶೀಲ ಧಾತು ಇದೆ ಎನ್ನಿ. ಮೀನು ತನ್ನ ಮೈಯಲ್ಲಿ ನೀರಿಗಿಂತ ಎಷ್ಟು ಪಟ್ಟು ಜಾಸ್ತಿ ಸೀಸಿಯಂ ಕೂಡಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಒಂದು ಸಂಖ್ಯೆ ಬಳಸುತ್ತಾರೆ, ಅದು ಸಾಂದ್ರತೆಯ ಅನುಪಾತ. ಸಿಹಿನೀರಿನ ಮೀನಿಗೆ ಇದನ್ನು 2,000 ಎಂದಿಟ್ಟುಕೊಳ್ಳೋಣ. ಆಗ ಮೀನಿನಲ್ಲಿ ಕಿಲೋಗೆ 20 ಬೆಕರೆಲ್. ಒಬ್ಬರು ವರ್ಷಕ್ಕೆ 20 ಕಿಲೋ ಮೀನು ತಿಂದರೆ ಹೊಟ್ಟೆಗೆ ಹೋಗುವುದು 400 ಬೆಕರೆಲ್. ದೊಡ್ಡವರು ಒಂದು ಬೆಕರೆಲ್ ಸೀಸಿಯಂ-137 ನುಂಗಿದರೆ ಬರುವ ಡೋಸ್ 0.013 ಮೈಕ್ರೋಸೀವರ್ಟ್. ಗುಣಿಸಿದರೆ 5.2 ಮೈಕ್ರೋಸೀವರ್ಟ್, ಅಂದರೆ ಸುಮಾರು 0.005 ಮಿಲಿಸೀವರ್ಟ್. ಪ್ರಪಂಚದ ಸರಾಸರಿ ಮನುಷ್ಯನಿಗೆ ಸಹಜ ವಿಕಿರಣದಿಂದಲೇ ವರ್ಷಕ್ಕೆ 2.4 ಮಿಲಿಸೀವರ್ಟ್ ಬರುತ್ತದೆ, ಅದರಲ್ಲಿ ಅರ್ಧದಷ್ಟು ಉಸಿರಾಡುವ ರೇಡಾನ್‌ನದು. ಸ್ಥಾವರಗಳಿಂದ ಸಾರ್ವಜನಿಕರಿಗೆ ಅಂತರರಾಷ್ಟ್ರೀಯ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್.

ಇನ್ನು ಆ ಮೀನಿಗೇ ಎಷ್ಟು? ಮೈಯೊಳಗಿನ 20 ಬೆಕರೆಲ್‌ನಿಂದ ಗಂಟೆಗೆ ಸುಮಾರು 0.004 ಮೈಕ್ರೋಗ್ರೇ. ನಿಮ್ಮ ವರದಿಯ 10 ಮೈಕ್ರೋಗ್ರೇಗೆ ಹೋಲಿಸಿದರೆ ಎರಡು ಸಾವಿರಕ್ಕೂ ಹೆಚ್ಚು ಪಟ್ಟು ಕಡಿಮೆ. ಇದರ ಮೇಲೆ ತಳದ ಕೆಸರಿನಿಂದ ಬರುವ ಡೋಸನ್ನು ಕೂಡಿಸಬೇಕು. ಸೀಸಿಯಂ ಕೆಸರಿಗೆ ಗಟ್ಟಿಯಾಗಿ ಅಂಟುತ್ತದೆ, ಹಾಗಾಗಿ ತಳದಲ್ಲಿ ಬದುಕುವ ಮೀನಿಗೆ ಮೇಲೆ ಈಜುವ ಮೀನಿಗಿಂತ ಜಾಸ್ತಿ. ಅಂದ ಹಾಗೆ, ಯಾವ ಸ್ಥಾವರದ ಹಂಗೂ ಇಲ್ಲದೆ ಅದೇ ಮೀನಿನಲ್ಲಿ ಕಿಲೋಗೆ ನೂರರ ಆಸುಪಾಸು ಬೆಕರೆಲ್ ಪೊಟ್ಯಾಸಿಯಂ-40 ಎಂಬ ಸಹಜ ವಿಕಿರಣಶೀಲ ಧಾತು ಇದ್ದೇ ಇರುತ್ತದೆ. ನಿಮ್ಮ ನನ್ನ ಮೈಯಲ್ಲೂ ಅದು ಸುಮಾರು 4,000 ಬೆಕರೆಲ್ ಇದೆ.

ಈ ಗುಣಾಕಾರದಲ್ಲಿ ಯಾವ ಅಂಕಿ ಗಟ್ಟಿ, ಯಾವುದು ಸಡಿಲ ಎಂದು ನೋಡಿ. 0.013 ಎಂಬುದು ಗಟ್ಟಿ. ಸೀಸಿಯಂ ದೊಡ್ಡವರ ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದು ಗೊತ್ತು, ಸುಮಾರು ನೂರು ದಿನಕ್ಕೆ ಅರ್ಧವಾಗುತ್ತದೆ. ಅದರ ಗಾಮಾ ಕಿರಣದ ಶಕ್ತಿ ಗೊತ್ತು. ಸ್ಕ್ಯಾನ್ ಚಿತ್ರಗಳಿಂದ ಕಟ್ಟಿದ ಮನುಷ್ಯದೇಹದ ಕಂಪ್ಯೂಟರ್ ಪ್ರತಿರೂಪದಲ್ಲಿ ಯಾವ ಅಂಗಕ್ಕೆ ಎಷ್ಟು ಶಕ್ತಿ ತಗಲುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಅಂಕಿಗಳಿವೆ. ಅಯೋಡಿನ್-131 ತೆಗೆದುಕೊಂಡರೆ, ಒಂದು ವರ್ಷದೊಳಗಿನ ಮಗುವಿನ ಅಂಕಿ ದೊಡ್ಡವರಿಗಿಂತ ಎಂಟು ಪಟ್ಟು ದೊಡ್ಡದು. ಮಗುವಿನ ಥೈರಾಯ್ಡ್ ಗ್ರಂಥಿ ಅಷ್ಟು ಪುಟ್ಟದು. 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರಿಗೆ ಬೆಂಕಿ ಬಿದ್ದಾಗ ಸುತ್ತಲಿನ ನೂರಾರು ಚದರ ಕಿಲೋಮೀಟರಿನ, ಅಯೋಡಿನ್ ಸೇರಿದ ಹಾಲನ್ನು ಚೆಲ್ಲಿಸಿದ್ದು ಈ ಕಾರಣಕ್ಕೇ. ಚೆರ್ನೋಬಿಲ್ ಸುತ್ತ ಅಂಥ ಕ್ರಮ ತಡವಾಯಿತು. ಹುಲ್ಲು ಮೇಯ್ದ ಹಸುವಿನ ಹಾಲು ಕುಡಿದ ಸಾವಿರಾರು ಮಕ್ಕಳಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು.

ಆದರೆ ಆ 2,000 ಇದೆಯಲ್ಲ, ಅದು ಸಡಿಲ. ಸೀಸಿಯಂ ರಾಸಾಯನಿಕವಾಗಿ ಪೊಟ್ಯಾಸಿಯಂನ ಬಂಧು. ನೀರಿನಲ್ಲಿ ಪೊಟ್ಯಾಸಿಯಂ ಕಡಿಮೆಯಿದ್ದರೆ ಮೀನು ಸೀಸಿಯಂ ಅನ್ನು ಹೆಚ್ಚು ಹೀರಿಕೊಳ್ಳುತ್ತದೆ. ಬೇರೆ ಮೀನನ್ನು ತಿನ್ನುವ ಮೀನಿನಲ್ಲಿ ಇನ್ನೂ ಜಾಸ್ತಿ. ಒಂದು ಸರೋವರದಲ್ಲಿ ಕೆಲವು ನೂರು ಇರುವ ಈ ಅನುಪಾತ ಇನ್ನೊಂದರಲ್ಲಿ ಹತ್ತು ಸಾವಿರ ಇರಬಹುದು. ಪ್ರಕಟವಾದ ಕೋಷ್ಟಕದಿಂದ ಸರಾಸರಿ ಎತ್ತಿಕೊಂಡು ನಿಮ್ಮ ಸರೋವರಕ್ಕೆ ಹಾಕಿದರೆ ಉತ್ತರ ಹತ್ತು ಪಟ್ಟು ಆಚೀಚೆ ಹೋದರೂ ಆಶ್ಚರ್ಯವಿಲ್ಲ.

ಮಣ್ಣಿನದೂ ಇದೇ ಕಥೆ. ಇದಕ್ಕೆ ಬ್ರಿಟನ್ನಿನ ಬೆಟ್ಟದ ಕುರಿಗಳಿಗಿಂತ ಒಳ್ಳೆಯ ಪಾಠ ಇಲ್ಲ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸಿಡಿಯಿತು. ಮೇ ತಿಂಗಳ ಮೊದಲ ವಾರದಲ್ಲಿ ಅದರ ಮೋಡ ಬ್ರಿಟನ್ ದಾಟುವಾಗ ಕಂಬ್ರಿಯಾ, ಉತ್ತರ ವೇಲ್ಸ್, ಸ್ಕಾಟ್‌ಲೆಂಡಿನ ಬೆಟ್ಟಗಳ ಮೇಲೆ ಮಳೆ ಸುರಿಯಿತು. ಮಳೆಯ ಜೊತೆ ಸೀಸಿಯಂ ಇಳಿಯಿತು. ಜೂನ್‌ನಲ್ಲಿ ಕುರಿ ಸಾಗಾಟಕ್ಕೆ, ಮಾರಾಟಕ್ಕೆ ನಿರ್ಬಂಧ ಹಾಕಿದರು. ಮಾಂಸದಲ್ಲಿ ಕಿಲೋಗೆ 1,000 ಬೆಕರೆಲ್ ಮಿತಿ. ಸರ್ಕಾರ ಮೊದಲು ಹೇಳಿದ್ದು ಮೂರು ವಾರದ ಮಾತು ಎಂದು. ಸೀಸಿಯಂ ಬೇಗ ಮಣ್ಣಿಗೆ ಅಂಟಿಕೊಳ್ಳುತ್ತದೆ, ಹುಲ್ಲಿಗೆ ಏರುವುದು ನಿಲ್ಲುತ್ತದೆ, ಕುರಿಯ ಮೈಯಲ್ಲಿದ್ದದ್ದು ಕೆಲವೇ ವಾರಗಳಲ್ಲಿ ಹೊರಗೆ ಹೋಗುತ್ತದೆ ಎಂಬ ಲೆಕ್ಕ.

ಲೆಕ್ಕ ತಪ್ಪಾಗಿರಲಿಲ್ಲ, ಮಣ್ಣು ಬೇರೆಯಾಗಿತ್ತು. ಮಾಡೆಲ್‌ನಲ್ಲಿದ್ದ ಅಂಕಿಗಳು ಬಯಲುಸೀಮೆಯ ಜೇಡಿಮಣ್ಣಿನಿಂದ ಬಂದವು. ಜೇಡಿಯ ಕೆಲವು ಖನಿಜಗಳ ಪದರಗಳ ಅಂಚಿನಲ್ಲಿ ಸೀಸಿಯಂ ಸಿಕ್ಕಿಕೊಂಡುಬಿಡುತ್ತದೆ, ಬೇರಿಗೆ ಸಿಗುವುದಿಲ್ಲ. ಬೆಟ್ಟದ ಮೇಲಿದ್ದದ್ದು ಕೊಳೆತ ಸಸ್ಯಗಳಿಂದಾದ, ಹುಳಿಯಾದ, ಜೇಡಿಯೇ ಇಲ್ಲದಂಥ ಕಪ್ಪು ಮಣ್ಣು. ಅಲ್ಲಿ ಸೀಸಿಯಂ ಹಿಡಿದಿಡುವವರು ಯಾರೂ ಇಲ್ಲ. ಪೊಟ್ಯಾಸಿಯಂ ಕೂಡ ಕೊರತೆ. ಹುಲ್ಲು ಹೀರಿತು, ಕುರಿ ತಿಂದಿತು, ಕುರಿಯ ಹಿಕ್ಕೆ ಮತ್ತೆ ಅದೇ ನೆಲಕ್ಕೆ ಬಿತ್ತು. ವರ್ಷಗಟ್ಟಲೆ ಅದೇ ಸುತ್ತು. ಮೂರು ವಾರದ ನಿರ್ಬಂಧ ಕೊನೆಯ ಫಾರಂಗಳಲ್ಲಿ ತೆರವಾದದ್ದು 2012ರಲ್ಲಿ. ಶುರುವಿನಲ್ಲಿ ಅದರೊಳಗೆ 40 ಲಕ್ಷಕ್ಕೂ ಹೆಚ್ಚು ಕುರಿಗಳಿದ್ದವು. ಆ ಬೆಟ್ಟದ ಮಣ್ಣು, ಮೇವು ಹೇಗೆ ಎಂಬುದು ಅಲ್ಲಿನ ರೈತರಿಗೆ ಚೆನ್ನಾಗಿ ಗೊತ್ತಿತ್ತು. ಅವರನ್ನು ಕೇಳುವ ಅಭ್ಯಾಸ ತಜ್ಞರಿಗೆ ಇರಲಿಲ್ಲ.

ಜರ್ಮನಿಯ ಬವೇರಿಯಾದ ಕಾಡುಹಂದಿಗಳು ಇನ್ನೂ ವಿಚಿತ್ರ. ಅಲ್ಲಿನ ಜಿಂಕೆಗಳಲ್ಲಿ ಸೀಸಿಯಂ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು, ಹಂದಿಗಳಲ್ಲಿ ಮಾತ್ರ ಇಳಿಯಲೇ ಇಲ್ಲ. ಮಾಂಸ ಮಾರಾಟಕ್ಕೆ ಅಲ್ಲಿ ಮಿತಿ ಕಿಲೋಗೆ 600 ಬೆಕರೆಲ್. ಕೆಲವು ಹಂದಿಗಳಲ್ಲಿ ಅದು ಸಾವಿರಗಳಲ್ಲಿ ಸಿಗುತ್ತಿತ್ತು. ಕಾರಣ ಊಟದಲ್ಲಿತ್ತು. ಚಳಿಗಾಲದಲ್ಲಿ ಬೇರೇನೂ ಸಿಗದಿದ್ದಾಗ ಹಂದಿಗಳು ನೆಲ ಬಗೆದು ಒಂದು ಜಾತಿಯ ನೆಲದೊಳಗಿನ ಅಣಬೆಯನ್ನು ತಿನ್ನುತ್ತವೆ. ಮೇಲೆ ಬಿದ್ದ ಸೀಸಿಯಂ ನಿಧಾನವಾಗಿ ಕೆಳಗಿಳಿದು ಈ ಅಣಬೆಯ ಆಳಕ್ಕೆ ಮುಟ್ಟಲು ವರ್ಷಗಳೇ ಬೇಕು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸೀಸಿಯಂ-135 ಮತ್ತು 137ರ ಪ್ರಮಾಣ ಹೋಲಿಸಿ ಇನ್ನೊಂದು ವಿಷಯ ಹೊರತೆಗೆಯಿತು. ಹಂದಿಗಳಲ್ಲಿದ್ದ ಸೀಸಿಯಂನಲ್ಲಿ ಚೆರ್ನೋಬಿಲ್‌ನದಷ್ಟೇ ಅಲ್ಲ, ಇಪ್ಪತ್ತನೇ ಶತಮಾನದ ಮಧ್ಯದಲ್ಲಿ ಸಿಡಿಸಿದ ಪರಮಾಣು ಬಾಂಬ್ ಪರೀಕ್ಷೆಗಳದೂ ಗಣನೀಯ ಪಾಲಿತ್ತು. ಮಣ್ಣು, ಹುಲ್ಲು, ಪ್ರಾಣಿ ಎಂದು ಸರಳವಾಗಿ ಗುಣಿಸುವ ಮಾಡೆಲ್‌ಗೆ ಇದೆಲ್ಲ ಹೊಳೆಯುವುದು ಹೇಗೆ?

ಈಗ ಜನರ ರೂಢಿ. ಡೋಸ್ ಲೆಕ್ಕ ಹಾಕುವುದು ಊರಿನ ಸರಾಸರಿ ಮನುಷ್ಯನಿಗಲ್ಲ, ಪ್ರತಿನಿಧಿ ವ್ಯಕ್ತಿ ಎಂದು ಕರೆಯುವ ಒಬ್ಬ ಕಲ್ಪಿತ ವ್ಯಕ್ತಿಗೆ. ಹೆಚ್ಚು ಡೋಸ್ ಪಡೆಯುವ ಗುಂಪಿನ ರೂಢಿಗಳನ್ನು ಆತನ ಮೇಲೆ ಹೊರಿಸುತ್ತಾರೆ. ಸ್ಥಳೀಯ ಮೀನನ್ನು ಜಾಸ್ತಿ ತಿನ್ನುತ್ತಾನೆ, ದಡದಲ್ಲಿ ಹೆಚ್ಚು ಹೊತ್ತು ಕಳೆಯುತ್ತಾನೆ, ಅಲ್ಲಿನ ಹಾಲನ್ನೇ ಕುಡಿಯುತ್ತಾನೆ. ಆತ ಸುರಕ್ಷಿತವಾಗಿದ್ದರೆ ಉಳಿದವರೂ ಸುರಕ್ಷಿತ ಎಂಬ ತರ್ಕ. ತರ್ಕ ಒಳ್ಳೆಯದೇ. ಆದರೆ ಆತ ಯಾರು ಎಂದು ಹುಡುಕುವುದು ಸುಲಭವಲ್ಲ. ವಿಂಡ್‌ಸ್ಕೇಲ್‌ನಿಂದ, ಅಂದರೆ ಈಗಿನ ಸೆಲ್ಲಾಫೀಲ್ಡ್‌ನಿಂದ, ಸಮುದ್ರಕ್ಕೆ ಬಿಡುತ್ತಿದ್ದ ರುಥೇನಿಯಂ-106 ವಿಚಾರದಲ್ಲಿ ಅತಿ ಹೆಚ್ಚು ಡೋಸ್ ಬರುತ್ತಿದ್ದವರು ಸ್ಥಾವರದ ಪಕ್ಕದವರಲ್ಲ, ನೂರಾರು ಕಿಲೋಮೀಟರ್ ಆಚೆಯ ದಕ್ಷಿಣ ವೇಲ್ಸ್‌ನವರು. ಕಂಬ್ರಿಯಾದ ಕರಾವಳಿಯಲ್ಲಿ ಕೊಯ್ದ ಒಂದು ಬಗೆಯ ಕಡಲಕಳೆಯನ್ನು ಅಲ್ಲಿಗೆ ಸಾಗಿಸಿ, ಬೇಯಿಸಿ ತಿನ್ನುತ್ತಿದ್ದರು. ಮುಂದೆ ಆ ಕೊಯ್ಲು ನಿಂತಿತು, ಲೆಕ್ಕದ ಕೇಂದ್ರವೂ ಬೇರೆಯವರ ಕಡೆ ಹೋಯಿತು. ಮನೆಮನೆಗೆ ಹೋಗಿ ಏನು ತಿನ್ನುತ್ತೀರಿ, ಎಲ್ಲಿಂದ ತರುತ್ತೀರಿ ಎಂದು ಕೇಳುವ ಸಮೀಕ್ಷೆ ಈ ಇಡೀ ವಿಜ್ಞಾನದಲ್ಲಿ ಅತಿ ಅಗ್ಗದ ಕೆಲಸ. ನನ್ನ ಪ್ರಕಾರ ಅತಿ ಬೆಲೆಯುಳ್ಳದ್ದೂ ಅದೇ.

ಸೆಲ್ಲಾಫೀಲ್ಡ್ ಪಕ್ಕದಲ್ಲೇ ಇನ್ನೊಂದು ಪಾಠವಿದೆ. ಹತ್ತಿರದ ವೈಟ್‌ಹೇವನ್‌ನಲ್ಲಿ ಫಾಸ್ಫೇಟ್ ಅದಿರು ಬಳಸುವ ಒಂದು ರಾಸಾಯನಿಕ ಕಾರ್ಖಾನೆ ಇತ್ತು. ಅದಿರಿನಲ್ಲಿ ಸಹಜವಾಗಿಯೇ ಯುರೇನಿಯಂ ಮತ್ತು ಅದು ಕ್ಷಯಿಸಿ ಹುಟ್ಟುವ ಧಾತುಗಳು ಇರುತ್ತವೆ. ಅದರ ತ್ಯಾಜ್ಯದಿಂದ ಸಮುದ್ರ ಸೇರಿದ ಪೊಲೋನಿಯಂ-210 ಚಿಪ್ಪುಜೀವಿಗಳಲ್ಲಿ ಕೂಡಿಕೊಂಡಿತು. ಒಂದು ಬೆಕರೆಲ್ ಪೊಲೋನಿಯಂ ನುಂಗಿದರೆ ಬರುವ ಡೋಸ್ ಸೀಸಿಯಂ-137ರ ತೊಂಬತ್ತು ಪಟ್ಟು. ಹಾಗಾಗಿ ಅಲ್ಲಿ ಸಮುದ್ರಾಹಾರ ಜಾಸ್ತಿ ತಿನ್ನುವವರ ಲೆಕ್ಕದಲ್ಲಿ ಅಣುಸ್ಥಾವರಕ್ಕಿಂತ ಈ ಕಾರ್ಖಾನೆಯ ಪಾಲೇ ದೊಡ್ಡದಾದ ವರ್ಷಗಳಿವೆ. ವಿಕಿರಣ ಎಂದ ಕೂಡಲೇ ಕಣ್ಣು ರಿಯಾಕ್ಟರ್ ಕಡೆಗೇ ಹೋಗುತ್ತದೆ, ಅಲ್ವಾ?

ಹೊರಗಿನಿಂದ ಬೀಳುವ ಡೋಸಿಗೆ ರೂಢಿ ಎಷ್ಟು ಮುಖ್ಯ ಎಂಬುದಕ್ಕೆ ಫುಕುಶಿಮಾದ 0.23 ಎಂಬ ಅಂಕಿ ನೋಡಿ. 2011ರ ಅಲ್ಲಿನ ಅಣುಸ್ಥಾವರ ಅಪಘಾತದ ನಂತರ ಜಪಾನಿನಲ್ಲಿ ಗಂಟೆಗೆ 0.23 ಮೈಕ್ರೋಸೀವರ್ಟ್ ಎಂಬುದು ಎಲ್ಲರ ಬಾಯಲ್ಲಿತ್ತು. ಅದು ಬಂದದ್ದು ಹೀಗೆ. ಒಬ್ಬರು ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಮನೆಯೊಳಗೆ ಇರುತ್ತಾರೆ. ಮನೆಯೊಳಗೆ ಹೊರಗಿನ ಶೇ 40ರಷ್ಟು ಮಾತ್ರ ಬರುತ್ತದೆ. ಹಾಗಾದರೆ ದಿನದ 24 ಗಂಟೆ ಹೊರಗಿನ 14.4 ಗಂಟೆಗೆ ಸಮ. ವರ್ಷಕ್ಕೆ 1 ಮಿಲಿಸೀವರ್ಟ್ ಆಗಬೇಕಾದರೆ ಹೊರಗೆ ಗಂಟೆಗೆ 0.19 ಇರಬೇಕು. ಅದಕ್ಕೆ ಸಹಜವಾದ 0.04 ಕೂಡಿಸಿದರೆ 0.23. ಇಡೀ ಲೆಕ್ಕ ಒಂದು ಸಾಲಿನದು, ನೀವೇ ಮಾಡಿ ನೋಡಬಹುದು. ಮುಂದೆ ಜನರಿಗೆ ನಿಜವಾಗಿಯೂ ಸಣ್ಣ ಮೀಟರ್ ಕೊಟ್ಟು ಅಳೆದಾಗ ಹೆಚ್ಚಿನವರ ಡೋಸ್ ಈ ಲೆಕ್ಕಕ್ಕಿಂತ ಕಡಿಮೆ ಬಂತು. ದಿನಕ್ಕೆ 8 ಗಂಟೆ ಬಯಲಿನಲ್ಲಿ ಕಳೆಯುವವರು ಎಷ್ಟು ಜನ? ಆದರೆ ಹೊಲದಲ್ಲೋ ಕಾಡಿನಲ್ಲೋ ದುಡಿಯುವವರ ಲೆಕ್ಕ ಬೇರೆಯೇ ಆಗುತ್ತದೆ.

ಗಾಳಿಯ ಮಾಡೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಿಮಣಿಯಿಂದ ಹೊರಬಂದದ್ದು ಗಾಳಿಯ ವೇಗ, ದಿಕ್ಕು, ವಾತಾವರಣದ ಕಲಕಾಟಕ್ಕೆ ತಕ್ಕಂತೆ ಹರಡುತ್ತದೆ. ವರ್ಷದ ಸರಾಸರಿಗೆ ಈ ಲೆಕ್ಕ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಪಘಾತದ ದಿನ ಮಳೆ ಎಲ್ಲವನ್ನೂ ಬದಲಿಸುತ್ತದೆ. 2011ರ ಮಾರ್ಚ್ 15ರಂದು ಫುಕುಶಿಮಾದ ಗಾಳಿ ವಾಯವ್ಯಕ್ಕೆ ತಿರುಗಿ, ಅದೇ ಹೊತ್ತಿಗೆ ಮಳೆ, ಹಿಮ ಬಿತ್ತು. ಸ್ಥಾವರದಿಂದ ಸುಮಾರು 40 ಕಿಲೋಮೀಟರ್ ದೂರದ ಇಟಾಟೆ ಎಂಬ ಹಳ್ಳಿ ಮೊದಲು ಜನರನ್ನು ತೆರವು ಮಾಡಿಸಿದ 20 ಕಿಲೋಮೀಟರ್ ವೃತ್ತದ ಹೊರಗಿದ್ದೂ ಖಾಲಿ ಮಾಡಬೇಕಾಯಿತು.

ಈಗ ಪ್ರಾಣಿಗಳ ವಿಷಯಕ್ಕೆ ಬರೋಣ. ಗ್ರೇ ಎಂದರೆ ಒಂದು ಕಿಲೋ ಜೀವಕೋಶ ಹೀರಿಕೊಂಡ ಶಕ್ತಿ, ಕಿಲೋಗೆ ಒಂದು ಜೂಲ್. ಇದು ಶುದ್ಧ ಭೌತಿಕ ಅಳತೆ. ಸೀವರ್ಟ್ ಹಾಗಲ್ಲ. ಅದರೊಳಗೆ ಮನುಷ್ಯನ ಅಂಗಗಳು, ಮನುಷ್ಯನಿಗೆ ಕ್ಯಾನ್ಸರ್ ಬರುವ ಸಾಧ್ಯತೆ ಎಲ್ಲವೂ ಸೇರಿವೆ. ಆಲ್ಫಾ ಕಣಕ್ಕೆ 20ರ ತೂಕ, ಶ್ವಾಸಕೋಶಕ್ಕೆ ಇಷ್ಟು, ಥೈರಾಯ್ಡ್‌ಗೆ ಇಷ್ಟು ಎಂದು. ಎರೆಹುಳುವಿಗೆ ಇದನ್ನು ಹಚ್ಚಿದರೆ ಅರ್ಥವಿಲ್ಲ. ಅದಕ್ಕೇ ಪ್ರಾಣಿ, ಸಸ್ಯಗಳಿಗೆ ಗ್ರೇಯಲ್ಲೇ ನಿಲ್ಲುತ್ತಾರೆ. ಆಲ್ಫಾಗೆ ಬೇಕಾದರೆ 10ರಂಥ ಒಂದು ತೂಕ ಸೇರಿಸುತ್ತಾರೆ.

ಬಹಳ ಕಾಲ ಪ್ರಾಣಿಗಳಿಗೆಂದು ಬೇರೆ ಲೆಕ್ಕವೇ ಇರಲಿಲ್ಲ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1977ರಲ್ಲೂ 1990ರಲ್ಲೂ ಹೇಳಿದ್ದರ ಸಾರ ಇಷ್ಟೇ: ಮನುಷ್ಯನನ್ನು ಕಾಪಾಡಿದರೆ ಉಳಿದ ಜಾತಿಗಳೂ ಉಳಿಯುತ್ತವೆ. ಆದರೆ ಮನುಷ್ಯರೇ ಇಲ್ಲದ ಜಾಗಗಳಿವೆ. ಸಮುದ್ರದ ತಳ ಇದೆ, ಜನರನ್ನು ಖಾಲಿ ಮಾಡಿಸಿದ ಚೆರ್ನೋಬಿಲ್ ವಲಯ ಇದೆ. ಅಲ್ಲಿ ಮನುಷ್ಯನ ಡೋಸ್ ಸೊನ್ನೆ, ಮೀನಿನದು ಸೊನ್ನೆಯಲ್ಲ. 2007ರ ಶಿಫಾರಸಿನಲ್ಲಿ ಆಯೋಗ ಪರಿಸರವನ್ನು ಪ್ರತ್ಯೇಕವಾಗಿ ಸೇರಿಸಿತು. 2008ರಲ್ಲಿ 12 ಜೀವಿಗಳ ಪಟ್ಟಿ ಕೊಟ್ಟಿತು. ಜಿಂಕೆ, ಇಲಿ, ಬಾತುಕೋಳಿ, ಕಪ್ಪೆ, ಟ್ರೌಟ್ ಮೀನು, ಚಪ್ಪಟೆ ಮೀನು, ಜೇನುಹುಳ, ಏಡಿ, ಎರೆಹುಳು, ಪೈನ್ ಮರ, ಕಾಡುಹುಲ್ಲು, ಕಂದು ಕಡಲಕಳೆ.

ಇವುಗಳ ಡೋಸ್ ಲೆಕ್ಕ ನೋಡಿದರೆ ನಗು ಬರಬಹುದು. ಮನುಷ್ಯನಿಗೆ ಅಂಗಾಂಗಗಳ ಸಮೇತ ಪ್ರತಿರೂಪ ಇದ್ದರೆ, ಜಿಂಕೆಗೆ ಕೈಕಾಲಿಲ್ಲದ ಒಂದು ಮೊಟ್ಟೆಯಾಕಾರ. ಎರೆಹುಳುವಿಗೆ ಉದ್ದನೆಯದು, ಕಪ್ಪೆಗೆ ಪುಟ್ಟದು. ಆದರೂ ಇದು ಸಾಕು. ಇಡೀ ಮೈಯ ಸರಾಸರಿ ಡೋಸಿಗೆ ಕಾಲು, ಕೊಂಬುಗಳಿಂದ ಆಗುವ ವ್ಯತ್ಯಾಸ ಸಣ್ಣದು. ದೊಡ್ಡ ವ್ಯತ್ಯಾಸ ಬರುವುದು ಆ ಜೀವಿ ಎಲ್ಲಿರುತ್ತದೆ ಎಂಬುದರಿಂದ. ಎರೆಹುಳುವಿಗೆ ಸುತ್ತಲೂ ಮಣ್ಣು, ನಾಲ್ಕೂ ಕಡೆಯಿಂದ ವಿಕಿರಣ. ಜಿಂಕೆಗೆ ಕೆಳಗಿನಿಂದ ಮಾತ್ರ. ಬಿಲದಲ್ಲಿ ಮಲಗುವ ಪ್ರಾಣಿ ಅಲ್ಲಿ ಕಟ್ಟಿಕೊಂಡ ರೇಡಾನನ್ನು ಉಸಿರಾಡುತ್ತದೆ. ಸ್ಥಾವರದ ಪಾಲು ಅದರ ಮುಂದೆ ಏನೂ ಅಲ್ಲದಿರಬಹುದು.

ಇನ್ನು ಆ 10 ಮೈಕ್ರೋಗ್ರೇ. ಯುರೋಪಿನ ಸಂಶೋಧಕರು ಸೇರಿ ಕಟ್ಟಿದ ಎರಿಕಾ ಎಂಬ ಸಾಫ್ಟ್‌ವೇರ್ ಇದೆ, ನಿಮ್ಮ ವರದಿಯೂ ಬಹುಶಃ ಅದನ್ನೇ ಬಳಸಿದೆ. ಅದರಲ್ಲಿ ಮೊದಲ ಜರಡಿಯ ಮಟ್ಟ ಗಂಟೆಗೆ 10 ಮೈಕ್ರೋಗ್ರೇ. ಎಲ್ಲ ಅಂಕಿಗಳನ್ನೂ ಬೇಕೆಂದೇ ಮೇಲಕ್ಕೆಳೆದು ಲೆಕ್ಕ ಹಾಕುತ್ತಾರೆ. ಆಗಲೂ 10ಕ್ಕಿಂತ ಕಡಿಮೆ ಬಂದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಜಾಸ್ತಿ ಬಂದರೆ ಸ್ಥಳದ ನಿಜವಾದ ಅಳತೆಗಳನ್ನು ತಂದು ಎರಡನೇ, ಮೂರನೇ ಹಂತಕ್ಕೆ ಹೋಗುತ್ತಾರೆ. ಹಾಗಾಗಿ 10ಕ್ಕಿಂತ ಕಡಿಮೆ ಎಂಬ ಸಾಲು ನಿಜವಾದ ಡೋಸ್ ಎಷ್ಟೆಂದು ಹೇಳುವುದಿಲ್ಲ.

ಇಲ್ಲಿ ಒಂದು ಗುಣಾಕಾರ ಮಾಡಿದರೆ ನಿಮಗೆ ಸಿಟ್ಟು ಬರಬಹುದು. ಗಂಟೆಗೆ 10 ಮೈಕ್ರೋಗ್ರೇ ಎಂದರೆ ವರ್ಷಕ್ಕೆ ಸುಮಾರು 88 ಮಿಲಿಗ್ರೇ. ಗಾಮಾ ಕಿರಣಕ್ಕೆ ಗ್ರೇಯೂ ಸೀವರ್ಟೂ ಒಂದೇ ಎಂದುಕೊಂಡರೆ ಇದು ಮನುಷ್ಯನ ಮಿತಿಯ ಸುಮಾರು ತೊಂಬತ್ತು ಪಟ್ಟು. ಅನ್ಯಾಯ ಅನ್ನಿಸುತ್ತದೆ. ಆದರೆ ಕಾಪಾಡುವ ಉದ್ದೇಶವೇ ಬೇರೆ. ಮನುಷ್ಯರಲ್ಲಿ ಒಬ್ಬೊಬ್ಬರಿಗೂ ಜೀವನದ ಕೊನೆಯಲ್ಲಿ ಬರಬಹುದಾದ ಕ್ಯಾನ್ಸರ್ ಕೂಡ ಲೆಕ್ಕಕ್ಕೆ ಬರುತ್ತದೆ. ಕಾಡಿನಲ್ಲಿ ನೋಡುವುದು ಸಂತತಿ ಉಳಿಯುತ್ತದೆಯೇ, ಮರಿ ಹಾಕುವುದು ಕಡಿಮೆಯಾಗುತ್ತದೆಯೇ ಎಂದು. ಆಯೋಗದ ಪ್ರಕಾರ ಗಮನ ಕೊಡಬೇಕಾದ ಮಟ್ಟ ಜಿಂಕೆ, ಇಲಿ, ಬಾತುಕೋಳಿ, ಪೈನ್ ಮರಗಳಿಗೆ ದಿನಕ್ಕೆ 0.1ರಿಂದ 1 ಮಿಲಿಗ್ರೇ. ಕಪ್ಪೆ, ಮೀನು, ಹುಲ್ಲು, ಕಡಲಕಳೆಗೆ 1ರಿಂದ 10. ಜೇನುಹುಳ, ಏಡಿ, ಎರೆಹುಳುವಿಗೆ 10ರಿಂದ 100. ಗಂಟೆಗೆ 10 ಮೈಕ್ರೋಗ್ರೇ ದಿನಕ್ಕೆ 0.24 ಮಿಲಿಗ್ರೇ ಆಗುತ್ತದೆ, ಅಂದರೆ ಜಿಂಕೆಯ ಪಟ್ಟಿಯೊಳಗೇ ಬೀಳುತ್ತದೆ. ಎರೆಹುಳುವಿಗೆ ಬಹಳ ಬಿಗಿಯಾದ, ಜಿಂಕೆಗೆ ಅಷ್ಟೇನೂ ಬಿಗಿಯಲ್ಲದ ಜರಡಿ ಇದು. ಬೆರಳೆಣಿಕೆಯಷ್ಟೇ ಉಳಿದ, ವರ್ಷಗಳಿಗೊಮ್ಮೆ ಮರಿ ಹಾಕುವ ಪ್ರಾಣಿ ಆ ಜಾಗದಲ್ಲಿದ್ದರೆ ಸಂತತಿಯ ತರ್ಕ ಸಾಲದು. ಒಂದೊಂದು ಪ್ರಾಣಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ನಿಲುವು.

ಜೀವಿಗಳ ನಡುವಿನ ಈ ವ್ಯತ್ಯಾಸ ಕಾಗದದ ಮೇಲಿನದಲ್ಲ. ಚೆರ್ನೋಬಿಲ್ ಪಕ್ಕದ ಪೈನ್ ತೋಪು 1986ರಲ್ಲಿ ಕೆಂಪಾಗಿ ಸತ್ತಿತು. ಅದಕ್ಕೇ ಕೆಂಪು ಕಾಡು ಎಂಬ ಹೆಸರು ಬಂತು. ಅದರ ನಡುವೆಯೇ ಇದ್ದ ಬರ್ಚ್ ಮರಗಳು ಬದುಕಿದವು. ಇಂದು ಆ ವಲಯದಲ್ಲಿ ತೋಳ, ಎಲ್ಕ್ ಎಂಬ ದೊಡ್ಡ ಜಿಂಕೆ, 1998ರಿಂದ ತಂದು ಬಿಟ್ಟ ಪ್ರೆಜ್ವಾಲ್‌ಸ್ಕಿ ಕಾಡುಕುದುರೆಗಳಿವೆ. ಆದರೂ ಅಲ್ಲಿನ ಹಕ್ಕಿ, ಕೀಟಗಳ ಮೇಲೆ ವಿಕಿರಣದ ಪರಿಣಾಮ ಎಷ್ಟು ಎಂಬ ಜಗಳ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಅದರಲ್ಲಿ ಒಂದು ಪಾಲು ಡೋಸ್ ಲೆಕ್ಕದ್ದೇ. ಎಷ್ಟೋ ಅಧ್ಯಯನಗಳಲ್ಲಿ ಹಕ್ಕಿಯ ಡೋಸ್ ಎಂದು ಕೊಟ್ಟಿರುವುದು ನೆಲದ ಹತ್ತಿರ ಮೀಟರ್ ಹಿಡಿದು ಓದಿದ ಅಂಕಿ. ಹಕ್ಕಿ ಎಲ್ಲಿ ಗೂಡು ಕಟ್ಟಿತ್ತು, ಏನು ತಿಂದಿತ್ತು, ಮೂಳೆಯಲ್ಲಿ ಸ್ಟ್ರಾನ್ಷಿಯಂ-90 ಎಷ್ಟಿತ್ತು ಎಂಬುದು ಅದರಲ್ಲಿ ಇಲ್ಲ.

ಯಾರೂ ಪ್ರಾಣಿಗೆ ಮೀಟರ್ ಕಟ್ಟಿಲ್ಲ ಎಂದಿರಿ. ಕಟ್ಟಿದ್ದಾರೆ! ಚೆರ್ನೋಬಿಲ್ ತೋಳಗಳ ಕೊರಳಿಗೆ ಜಿಪಿಎಸ್ ಜೊತೆ ಡೋಸ್ ಮೀಟರ್ ಕಟ್ಟಿ ತಿಂಗಳುಗಟ್ಟಲೆ ಬಿಟ್ಟರು. ಒಂದು ತೋಳಕ್ಕೂ ಇನ್ನೊಂದಕ್ಕೂ ಡೋಸ್ ಬಹಳ ಬೇರೆ ಬಂತು, ಒಂದೇ ತೋಳಕ್ಕೆ ದಿನದಿಂದ ದಿನಕ್ಕೂ ಬದಲಾಯಿತು. ಓಡಾಟದ ಜಾಗದ ಸರಾಸರಿ ತೆಗೆದುಕೊಂಡರೆ ಸಾಕು ಎಂಬ ಮಾಡೆಲ್ ಊಹೆ ಅಲ್ಲಿ ನಿಲ್ಲಲಿಲ್ಲ.

ಮಾಡೆಲ್‌ಗಳನ್ನು ಪರೀಕ್ಷೆಗೂ ಕೂರಿಸುತ್ತಾರೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1980ರ ದಶಕದ ಕೊನೆಯಿಂದ ಇಂಥ ಕಾರ್ಯಕ್ರಮಗಳನ್ನು ನಡೆಸಿದೆ. ಬೇರೆ ಬೇರೆ ದೇಶಗಳ ತಂಡಗಳಿಗೆ ಒಂದೇ ಲೆಕ್ಕ ಕೊಟ್ಟು, ಉತ್ತರಗಳನ್ನು ಹೋಲಿಸುತ್ತಾರೆ. ವನ್ಯಜೀವಿಗಳಿಗಾಗಿ ಕೆನಡಾದ ಪರ್ಚ್ ಸರೋವರವನ್ನೂ ಚೆರ್ನೋಬಿಲ್ ವಲಯವನ್ನೂ ಹೀಗೆ ಬಳಸಿದರು. ಬೆಕರೆಲ್ ಇಷ್ಟು, ಡೋಸ್ ಎಷ್ಟು ಎಂದು ಕೇಳಿದರೆ ಎಲ್ಲರ ಉತ್ತರ ಹತ್ತಿರ ಹತ್ತಿರ. ಮಣ್ಣಿನಲ್ಲಿ ಇಷ್ಟಿದೆ, ಪ್ರಾಣಿಯಲ್ಲಿ ಎಷ್ಟಿರುತ್ತದೆ ಎಂದು ಕೇಳಿದರೆ ಹತ್ತು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು ವ್ಯತ್ಯಾಸ. ಕಾರಣ ಸರಳ. ಧಾತುಗಳು ಹತ್ತಾರು, ಜೀವಿಗಳು ಲಕ್ಷಾಂತರ. ಹೆಚ್ಚಿನ ಜೋಡಿಗಳಿಗೆ ಅಳತೆಯೇ ಇಲ್ಲ. ಆಗ ಹೋಲುವ ಪ್ರಾಣಿಯ ಅಂಕಿಯನ್ನು ಕಡ ತರುತ್ತಾರೆ.

ನಿಮ್ಮ ವರದಿಯ ಕೊನೆಯ ಅಂಕಿಯನ್ನು ಬಿಟ್ಟು ಅನುಬಂಧಕ್ಕೆ ಹೋಗಿ. ಪ್ರತಿನಿಧಿ ವ್ಯಕ್ತಿ ವರ್ಷಕ್ಕೆ ಎಷ್ಟು ಮೀನು ತಿನ್ನುತ್ತಾನೆಂದು ಬರೆದಿದ್ದಾರೆ, ಅದು ಸ್ಥಳೀಯ ಸಮೀಕ್ಷೆಯಿಂದ ಬಂದದ್ದೇ ಅಥವಾ ರಾಷ್ಟ್ರೀಯ ಸರಾಸರಿಯೇ ನೋಡಿ. ಮೀನಿನ ಅನುಪಾತ ಅಲ್ಲಿನ ಮೀನನ್ನು ಅಳೆದು ತೆಗೆದದ್ದೋ, ಕೋಷ್ಟಕದ್ದೋ ನೋಡಿ. ಮಗುವಿನ ಲೆಕ್ಕ ಬೇರೆ ಮಾಡಿದ್ದಾರೆಯೇ ಹುಡುಕಿ. ಸ್ಯಾಂಪಲ್ ಕೋಷ್ಟಕದಲ್ಲಿ ಪತ್ತೆಮಿತಿಗಿಂತ, ಅಂದರೆ ಯಂತ್ರ ಗುರುತಿಸಬಲ್ಲ ಅತಿ ಕಡಿಮೆ ಮಟ್ಟಕ್ಕಿಂತ, ಕಡಿಮೆ ಎಂಬ ಸಾಲುಗಳು ಬಹಳ ಇರುತ್ತವೆ. ಅಲ್ಲಿ ಪತ್ತೆಮಿತಿ ಎಷ್ಟು ಎಂದು ನೋಡಲು ಮರೆಯಬೇಡಿ. ಕಿಲೋಗೆ 0.5 ಬೆಕರೆಲ್‌ಗಿಂತ ಕಡಿಮೆ ಎಂಬುದಕ್ಕೂ 50ಕ್ಕಿಂತ ಕಡಿಮೆ ಎಂಬುದಕ್ಕೂ ನೂರು ಪಟ್ಟು ಅಂತರ. ಮಾಡೆಲ್ ಮೀನಿನಲ್ಲಿ 20 ಬೆಕರೆಲ್ ಇರಬೇಕು ಎಂದಿದ್ದು, ಪ್ರಯೋಗಾಲಯದ ಯಂತ್ರ 50ರ ಕೆಳಗೆ ನೋಡಲಾರದು ಎಂದಾದರೆ, ಆ ಅಳತೆ ಮಾಡೆಲನ್ನು ಪರೀಕ್ಷಿಸಿಯೇ ಇಲ್ಲ.